ಕಾಕಾ ಕಲಿಸದ ಪೆಟ್ಟು

ಐವತ್ತು ದಾಟಿದ ಮೇಲೆ ತಬಲಾ ಕಲಿಯಲು ಕೂತವನ ಮನೆಯಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಡೆಯದ ವಾರ ಅವನು ತಬಲಾ ಮುಟ್ಟಿಲ್ಲವೆಂದೇ ತಿಳಿಯಬೇಕು. ನನ್ನ ಪಾಲಿಗೆ ಇದು ಯುಗಾದಿಯಿಂದ ಶ್ರಾವಣದವರೆಗೆ ಒಂದು ವಾರವೂ ತಪ್ಪಲಿಲ್ಲ. ನಾನು ಮಾತ್ರ ನಗಲಿಲ್ಲ. ಆ ಕೆಲಸವನ್ನು ಸುತ್ತಲಿನವರು ಹಂಚಿಕೊಂಡಿದ್ದರು.

ನನ್ನದು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ನೌಕರಿ. ಕಿಂಡಿಯ ಹಿಂದೆ ಕೂತು ಬಂದ ಬಸ್ಸಿನ ವೇಳೆ ಬರೆದುಕೊಳ್ಳುವುದು, ಹೊರಡುವ ಬಸ್ಸನ್ನು ಮೈಕಿನಲ್ಲಿ ಕೂಗುವುದು, ತಡವಾದ ಬಸ್ಸಿಗಾಗಿ ಜನರಿಂದ ಬೈಸಿಕೊಳ್ಳುವುದು. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆ ಕೂತಿದ್ದೇನೆ. ಇದೆಲ್ಲ ನಡೆದಾಗ ಯಾವ ಸ್ಟ್ಯಾಂಡಿನಲ್ಲಿದ್ದೆ ಎಂದು ಹೇಳುವುದಿಲ್ಲ. ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ.

ಟೈಮ್ ನೋಡುವ ನೌಕರಿ

ನಮ್ಮೂರು ತಿಳವಳ್ಳಿ ಕಡೆಯ ಒಂದು ಹಳ್ಳಿ. ಅಲ್ಲಿಯ ಬಸವಣ್ಣನ ಗುಡಿಯಲ್ಲಿ ಪ್ರತಿ ಶ್ರಾವಣಕ್ಕೆ ಏಳು ದಿನದ ಸಪ್ತಾಹ ನಡೆಯುತ್ತದೆ. ಏಳು ದಿನವೂ 'ಓಂ ನಮಃ ಶಿವಾಯ' ಭಜನೆ ಎಡೆಬಿಡದೆ ನಡೆಯಬೇಕು, ಒಂದು ಗಳಿಗೆಯೂ ಕಡಿಯಬಾರದು. ಓಣಿಗೊಂದು ಪಾಳಿ. ಏಳುವ ಓಣಿಯವರು ತಾಳ ಹಾಕುತ್ತಲೇ ಏಳಬೇಕು, ಕೂಡುವ ಓಣಿಯವರು ಹಾಡುತ್ತಲೇ ಕೂಡಬೇಕು. ಕಡೆಯ ದಿನದ ಕಡೆಯ ಪಾಳಿ ನಮ್ಮ ಓಣಿಯದು. ಅದರಲ್ಲಿ ತಬಲಾ ಬಾರಿಸುವವನು ನಮ್ಮ ಕಾಕಾ, ಅಂದರೆ ನಮ್ಮಪ್ಪನ ತಮ್ಮ. ಸಪ್ತಾಹ ಮುಗಿಯಿತು ಎಂದು ಸಾರುವ ಮಂಗಳದ ಪೆಟ್ಟೂ ನಲವತ್ತು ವರ್ಷದಿಂದ ಅವನದೇ. ಆ ಪೆಟ್ಟು ಬೀಳದೆ ಮಂಗಳಾರತಿ ಎತ್ತುವಂತಿಲ್ಲ.

ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಕಾಕಾ ಸೈಕಲ್ಲಿನಿಂದ ಬಿದ್ದ. ಬಲ ಮಣಿಕಟ್ಟಿನ ಮುರಿದ ಎಲುಬು ಕೂಡಿಕೊಂಡಿತು, ಬೆರಳುಗಳು ಮಾತ್ರ ಮಡಚಲು ಒಪ್ಪಲಿಲ್ಲ. ಯುಗಾದಿಯ ದಿನ ಗುಡಿಯಲ್ಲಿ ಹಿರಿಯರು ಕೂಡಿ, ನಮ್ಮ ಓಣಿಯ ಪಾಳಿಗೆ ತಬಲಾ ಯಾರು ಎಂದು ಮಾತು ತೆಗೆದರು. ಊರಿನ ಮೈಕ್‌ಸೆಟ್ಟಿನವನು ಜೇಬಿನಿಂದ ಫೋನು ತೆಗೆದು ನಡುವೆ ಇಟ್ಟ.

"ಇದರಾಗ ತಬಲಾ ಐತ್ರಿ. ಒಮ್ಮೆ ಒತ್ತಿದ್ರ ಸಾಕು. ದಣಿಯೂದಿಲ್ಲ, ತಪ್ಪೂದಿಲ್ಲ, ಚಹಾ ಕೇಳೂದಿಲ್ಲ."

ಒತ್ತಿದ. ಫೋನು ಬಾರಿಸಿತು. ಚಹಾ ಕೇಳುವುದಿಲ್ಲ ಎಂಬ ಮಾತು ಹಿರಿಯರಿಗೆ ಬಹಳ ಹಿಡಿಸಿತು. ಕಾಕಾ ತನ್ನ ಬಲಗೈ ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದ. ನನಗೆ ಅದು ಸರಿಬರಲಿಲ್ಲ. ಸರಿಬರದ್ದು ಮುಖದಲ್ಲಿ ಕಂಡದ್ದೇ ತಪ್ಪಾಯಿತು.

"ಫೋನ್ ಬ್ಯಾಡ," ಎಂದ ಕಾಕಾ, ನನ್ನ ಕಡೆ ಗದ್ದ ಎತ್ತಿ. "ಶ್ರಾವಣ ಬರೂದ್ರಾಗ ಇವ ಕಲೀತಾನ."

"ಇವರಿಗೆ ತಾಳಂದ್ರ ಗೊತ್ತೈತೇನ್ರೀ?" ಎಂದು ಮೈಕ್‌ಸೆಟ್ಟಿನವನು ಕೇಳಿದ.

"ಯಾಕ ಗೊತ್ತಿಲ್ಲ? ನಮ್ಮ ಮನಿತನದಾಗ ಟೈಮ್ ನೋಡೂ ನೌಕರಿ ಇರೂದು ಇವಗೊಬ್ಬಗ."

ಹಿರಿಯರಲ್ಲೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೈಕ್‌ಸೆಟ್ಟಿನವನ ಕಡೆ ತಿರುಗಿ ಎಂದರು: "ಯಾವುದಕ್ಕೂ ನೀ ಫೋನ್ ಚಾರ್ಜ್ ಮಾಡಿ ಇಡು ತಮ್ಮಾ. ಇವರ ಬಸ್ಸು ನಾ ನೋಡೇನಿ."

ಟೈಮಿಗೆ ಬಿಟ್ಟ ಬಸ್ಸು

ಮೊದಲ ಒಂದು ತಿಂಗಳು ತಬಲಾ ಮುಟ್ಟಬಾರದು ಎಂಬುದು ಕಾಕಾನ ಕಟ್ಟಪ್ಪಣೆ. ತಬಲಾದಲ್ಲಿ ಒಂದೊಂದು ಪೆಟ್ಟಿಗೂ ಒಂದೊಂದು ಅಕ್ಷರ ಇರುತ್ತದೆ. ಭಜನೆಗೆ ಬೇಕಾದದ್ದು ಎಂಟೇ ಅಕ್ಷರ: ಧಾ ಗೆ ನಾ ತಿ, ನಾ ಕ ಧಿ ನಾ. ಇದನ್ನು ಬಾಯಲ್ಲಿ ಹೇಳುತ್ತ ಬೆರಳಲ್ಲಿ ಎಣಿಸಬೇಕು. ನಾನು ಪೇಟೆಯಲ್ಲಿ, ಅವನು ಹಳ್ಳಿಯಲ್ಲಿ. ಹೀಗಾಗಿ ದಿನಾ ಬೆಳಗಿನ ಆರಕ್ಕೆ ಫೋನಿನಲ್ಲಿ ಪಾಠ.

"ಬಾಯಾಗ ಕುಂದ್ರಲಿಲ್ಲ ಅಂದ್ರ ಕೈಯಾಗ ಕುಂದ್ರೂದಿಲ್ಲ," ಎನ್ನುತ್ತಿದ್ದ ಕಾಕಾ.

ಎಂಟು ಅಕ್ಷರ ಎಂದರೆ ಸಣ್ಣ ಕೆಲಸವೆಂದು ನಾನೂ ತಿಳಿದಿದ್ದೆ. ಆರರವರೆಗೆ ಸುಖವಾಗಿ ಹೋಗುತ್ತಿತ್ತು. ಏಳನೆಯದಕ್ಕೆ ನಾಲಿಗೆ ತೊಡರಿ ಮತ್ತೆ ಮೊದಲಿನಿಂದ. ನೌಕರಿಯಲ್ಲಿ ಪುರುಸೊತ್ತು ಸಿಕ್ಕಾಗಲೆಲ್ಲ ಇದೇ ಜಪ.

ಒಂದು ಮಧ್ಯಾಹ್ನ ಎರಡೂಕಾಲಿನ ಹುಬ್ಬಳ್ಳಿ ಬಸ್ಸನ್ನು ಕೂಗಿ ಹೇಳಿ, ಮೈಕು ಬಂದ್ ಮಾಡಿದೆನೆಂದು ತಿಳಿದು ಜಪಕ್ಕೆ ಕೂತೆ. ಬಂದ್ ಆಗಿರಲಿಲ್ಲ. ಸ್ಟ್ಯಾಂಡಿನ ನಾಲ್ಕೂ ಮೂಲೆಗೆ ಧಾ ಗೆ ನಾ ತಿ ಹೋಗುತ್ತಿತ್ತು. ಜನ ಇದು ಯಾವುದೋ ಹೊಸ ಪ್ರಕಟಣೆ ಇರಬೇಕೆಂದು ಸುಮ್ಮನಿದ್ದರು. ಏಳನೇ ಅಕ್ಷರಕ್ಕೆ ಮೂರನೇ ಸಲ ತೊಡರಿದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು.

"ಎಷ್ಟ್ ಸಲ ಹೇಳೂದೋ ನಿನಗ? ಬುದ್ಧಿ ಐತಿಲ್ಲೋ? ವಯಸ್ಸಾಗೇತಿ, ಇನ್ನರ ನೆಟ್ಟಗ ಕಲಿ! ಹೂಂ, ನಡಿ, ಮೊದಲಿನಿಂದ!"

ಹುಬ್ಬಳ್ಳಿ ಬಸ್ಸಿನ ಡ್ರೈವರ್ ಆಗ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ. ಸ್ಟ್ಯಾಂಡ್ ತುಂಬ ಕೇಳುವ ಹಾಗೆ ತನ್ನನ್ನೇ ಬೈದರೆಂದು ತಿಳಿದು, ಅರ್ಧ ಚಹಾ ಬಿಟ್ಟು ಓಡಿಬಂದು, ಕಂಡಕ್ಟರನನ್ನು ಎಳೆದು ಹತ್ತಿಸಿಕೊಂಡು ಬಸ್ಸು ತೆಗೆದೇಬಿಟ್ಟ. ಗಡಿಯಾರ ನೋಡಿದೆ. ಎರಡೂಕಾಲು. ನಿಮಿಷದ ಮುಳ್ಳು ಒಂದು ಕೂದಲಷ್ಟೂ ಆಚೆ ಸರಿದಿರಲಿಲ್ಲ.

ಹತ್ತು ನಿಮಿಷದಲ್ಲಿ ನನ್ನ ಕಿಂಡಿಯ ಮುಂದೆ ಹದಿನೈದು ಮಂದಿ. ಎಲ್ಲರೂ ದಿನಾ ಆ ಬಸ್ಸಿಗೆ ಹೋಗುವವರು, ಎಲ್ಲರ ಮುಖವೂ ಕೆಂಪಗೆ.

"ಬಸ್ ಎಲ್ಲೈತ್ರಿ?"

"ಹೋತ್ರಿ. ಎರಡೂಕಾಲಿಗೆ ಬಿಟ್ಟೇತಿ."

"ಅದ ನಾವ್ ಕೇಳಾಕತ್ತಿದ್ದು! ಟೈಮಿಗೆ ಬಿಟ್ರ ನಾವ್ ಹೆಂಗ್ ಹತ್ತೂದ್ರೀ?"

ಕುಕ್ಕರಿನ ಸೀಟಿ

ಬಾಯಿಪಾಠ ಮುಗಿದ ಮೇಲೆ ಕಾಕಾ ತನ್ನ ಸ್ವಂತದ ತಬಲಾವನ್ನು ಕಾಕಿಯ ಹಳೇ ಸೀರೆಯಲ್ಲಿ ಸುತ್ತಿ ಕಳಿಸಿದ. ಅದು ಹಾಸಿಗೆ ಹಿಡಿದವರನ್ನು ಕರೆತಂದ ಹಾಗೆ ಹುಷಾರಾಗಿ, ನಮ್ಮ ಬಸ್ಸಿನಲ್ಲಿ ಕಂಡಕ್ಟರನ ಪಕ್ಕದ ಸೀಟಿನಲ್ಲೇ ಬಂತು. ಇನ್ನು ಬೆಳಗಿನ ಆರಕ್ಕೆ ನಾನು ತಬಲಾ ಎದುರಿಗಿಟ್ಟುಕೊಂಡು, ಫೋನನ್ನು ನೆಲದ ಮೇಲಿಟ್ಟು ಬಾರಿಸುವುದು, ಅವನು ಆ ಕಡೆ ಕೇಳುವುದು.

ಒಂದು ಬೆಳಿಗ್ಗೆ ಮೈ ಕೈ ಬಹಳ ನೋಯುತ್ತಿತ್ತು. ಹಿಂದಿನ ದಿನ ಬಾರಿಸಿದ್ದನ್ನು ಹೆಂಡತಿಯ ಫೋನಿನಲ್ಲಿ ತುಂಬಿಸಿ ಇಟ್ಟುಕೊಂಡಿದ್ದೆ, ತಪ್ಪು ಎಲ್ಲಿ ಆಗುತ್ತದೆಂದು ನೋಡಲು. ಆ ಹೊತ್ತು ದುರ್ಬುದ್ಧಿ ಹೊಕ್ಕಿತು. ಅವಳ ಫೋನನ್ನು ನನ್ನ ಫೋನಿನ ಪಕ್ಕಕ್ಕಿಟ್ಟು ಹಚ್ಚಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ಮುಗಿದ ಮೇಲೆ ಆ ಕಡೆಯಿಂದ ಕಾಕಾನ ಧ್ವನಿ ಬಂತು.

"ಚಲೋ ಆತು," ಎಂದ. "ನಿನ್ನೆ ಎಲ್ಲಿ ತಪ್ಪಿದ್ದಿ ಇವತ್ತೂ ಅಲ್ಲೇ ತಪ್ಪಿದಿ."

"ಹೌದ್ ಕಾಕಾ, ಅಲ್ಲೇ ಸ್ವಲ್ಪ ತೊಡಕಾಗ್ತೈತಿ."

"ನಿನ್ನೆ ತಪ್ಪಿದ ಕೂಡಲೇ ಕುಕ್ಕರ್ ಎರಡು ಸೀಟಿ ಹೊಡೀತು. ಇವತ್ತೂ ಹೊಡೀತು. ನಿನ್ನಕಿಂತ ಕುಕ್ಕರ್ ತಾಳದಾಗ ಐತಿ ನೋಡು."

ನಾನು ಹೆಂಡತಿಯ ಫೋನನ್ನು ಬಂದ್ ಮಾಡಿದೆ. ಅಷ್ಟರಲ್ಲಿ ಅವನ ಧ್ವನಿ ಇಳಿಯಿತು.

"ಫೋನ್ ಕುಂದ್ರೂ ಜಾಗಾದಾಗ ನಿನ್ನ ಕುಂದ್ರಸಬೇಕಂತ ನಾ ಹಟಾ ಹಿಡದೇನಿ. ನೀನ ಫೋನ್ ಹಚ್ಚಿದ್ರ ಹೆಂಗೋ?"

ಆ ದಿನ ನನಗೆ ಬಹಳ ನಾಚಿಕೆಯಾಯಿತು, ಮತ್ತೆ ಹಾಗೆ ಮಾಡಲಿಲ್ಲ. ಆದರೆ ಕಾಕಾನ ನಂಬಿಕೆ ಅಷ್ಟು ಬೇಗ ಮರಳಿ ಬರುವಂಥದ್ದಲ್ಲ. ಮರುದಿನದಿಂದ ಪಾಠಕ್ಕೆ ಮೊದಲು ಫೋನನ್ನು ನನ್ನ ಹೆಂಡತಿಗೆ ಕೊಡಿಸಿ ಕೇಳುತ್ತಿದ್ದ: "ಇವತ್ತ ಕುಕ್ಕರಿನ್ಯಾಗ ಏನ್ ಇಟ್ಟೀದಿ ತಂಗೀ?"

ಮೆತ್ತನೆಯ ಚಪಾತಿ

ಕಾಕಾನ ತಬಲಾ ಜೋಡಿಯಲ್ಲಿ ಎಡಗೈಗೆ ಬರುವ ಡಗ್ಗಾ ಹಳೇ ಕಾಲದ್ದು. ಅದರ ನಡುವೆ ಕರಿ, ಅಂದರೆ ಕಪ್ಪು ಮಸಿಯ ದುಂಡು ಬೊಟ್ಟು, ಇರುವುದಿಲ್ಲ. ಪ್ರತಿ ಸಲ ಬಾರಿಸುವ ಮೊದಲು ಗೋಧಿಯ ಕಣಕವನ್ನು ಪುಟ್ಟ ರೊಟ್ಟಿಯಷ್ಟು ಅಗಲ ತಟ್ಟಿ ಹಚ್ಚಬೇಕು. ಆಗಲೇ ಗುಂ ಎನ್ನುವ ಸದ್ದು. ಬಾರಿಸಿ ಮುಗಿದ ಮೇಲೆ ಕೆರೆದು ತೆಗೆಯಬೇಕು.

ಹೆಂಡತಿ ಚಪಾತಿಗೆ ನಾದಿಟ್ಟ ಕಣಕದಲ್ಲಿ ನನ್ನದೂ ಒಂದು ಮುದ್ದೆ ಇರುತ್ತಿತ್ತು. ಅವಳಿಗೆ ಇದು ಹಿಡಿಸುತ್ತಿರಲಿಲ್ಲ. "ತಿನ್ನೂದನ್ನ ಬಡೀತೀರಲ್ರೀ," ಎನ್ನುತ್ತಿದ್ದಳು.

ಒಂದು ಭಾನುವಾರ ಶಿಗ್ಗಾಂವದಿಂದ ಬೀಗರು ಬಂದರು, ಅಂದರೆ ಮಗಳ ಮಾವ. ಊಟದ ವಿಷಯದಲ್ಲಿ ಅವರು ಕಡಕ್ ಮನುಷ್ಯ. ಮಗಳ ಮದುವೆಯಲ್ಲಿ ಹೋಳಿಗೆಗೆ ಹೂರಣ ಕಡಿಮೆ ಎಂದದ್ದನ್ನು ನನ್ನ ಹೆಂಡತಿ ಇನ್ನೂ ಮರೆತಿಲ್ಲ. ನಾನು ಒಂದು ತಾಸು ಬಾರಿಸಿ, ಕೆರೆದ ಕಣಕವನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ಇಟ್ಟಿದ್ದೆ. ಸಂಜೆಯ ರಿಯಾಜಿಗೆ ಮತ್ತೆ ಬೇಕಾದೀತೆಂದು. ಹೆಂಡತಿಗೆ ಎರಡು ಚಪಾತಿ ಕಡಿಮೆ ಬಿದ್ದಾಗ ಕೈಗೆ ಸಿಕ್ಕಿದ್ದು ಅದೇ.

ನಾನು ನೋಡುವಷ್ಟರಲ್ಲಿ ಬೀಗರು ಎರಡನೇ ತುತ್ತು ಬಾಯಿಗಿಟ್ಟಿದ್ದರು. ಅವರ ಅಗಿಯುವಿಕೆ ನಿಧಾನವಾಯಿತು. ನಾನು ನೀರಿನ ತಂಬಿಗೆಯನ್ನು ಅವರ ಹತ್ತಿರ ಸರಿಸಿದೆ.

"ತಂಗೀ," ಎಂದರು ಅವರು, "ಈ ಚಪಾತಿ ಯಾವ ಗೋಧೀದು?"

"ಯಾಕ್ರೀ ಅಣ್ಣಾರ?"

"ಇಷ್ಟು ಮೆತ್ತನ್ನ ಚಪಾತಿ ನಾ ಈಟು ವರ್ಷದಾಗ ತಿಂದಿಲ್ಲ. ಒಂಥರಾ ಘಮಾನೂ ಐತಿ."

ಘಮ ನನ್ನ ಕೈಯ ಪೌಡರಿನದು. ಬೆವರಿಗೆ ಬೆರಳು ಜಾರದಿರಲೆಂದು ಹಚ್ಚಿಕೊಳ್ಳುತ್ತೇನೆ.

ಅವರು ಹೋದ ಮೇಲೆ ನಡೆದದ್ದನ್ನು ಹೆಂಡತಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬಹಳ ಹೊತ್ತು ಯೋಚನೆ ಮಾಡಿದಳು. ಈಗ ಬೀಗರು ಬರುವ ಸುದ್ದಿ ಬಂದರೆ ಕಣಕ ನಾದಿ ತಾನೇ ತಂದು ನನ್ನ ಮುಂದಿಡುತ್ತಾಳೆ: "ಒಂದ್ ತಾಸು ಬಾರಸ್ರಿ. ಪೌಡರ್ ಮರೀಬ್ಯಾಡ್ರಿ."

ಸವಣೂರಿನ ಸರ್ಟಿಫಿಕೇಟು

ತಬಲಾದ ಸ್ವರ ಏರಿಸಲು ಅಂಚಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮೆಲ್ಲಗೆ ಎಂಬುದನ್ನು ಕಾಕಾ ಫೋನಿನಲ್ಲಿ ಹೇಳಿದ್ದ. ಅದೇ ಹೊತ್ತಿಗೆ ಓಣಿಯಲ್ಲಿ ಟ್ರ್ಯಾಕ್ಟರ್ ಹೋಯಿತು, ನನಗೆ ಬಡಿ ಎಂಬುದಷ್ಟೇ ಉಳಿಯಿತು. ಚರ್ಮ ಹರಿಯಿತು.

ಕಾಕಾನಿಗೆ ಹೇಳುವ ಧೈರ್ಯವಿರಲಿಲ್ಲ. ಸವಣೂರಿನಲ್ಲಿ ತಬಲಾ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆಂದು ಕೇಳಿ, ರಜೆ ಹಾಕಿ ಹೋದೆ. ಅವರು ಕನ್ನಡಕ ಏರಿಸಿ, ತಬಲಾ ತಿರುಗಿಸಿ, ಮರದ ಮೇಲೆ ಕೈಯಾಡಿಸಿದರು. ಕೂಡಲೇ ಕಾಕಾನ ಊರಿನ ಹೆಸರು ಹೇಳಿದರು.

"ಈ ಜೋಡಿ ನನಗ ಗೊತ್ತೈತಿ. ಹತ್ತು ವರ್ಷಕ್ಕೊಮ್ಮೆ ಬರ್ತೈತಿ. ಬಾರಿಸಿ ಬಾರಿಸಿ ಚರ್ಮ ಸವದಿರ್ತೈತಿ, ಒಮ್ಮೆನೂ ಹರದದ್ದಿಲ್ಲ. ಇದು ಬಾರಿಸಿ ಆದದ್ದಲ್ರೀ ಸಾಹೇಬ್ರ, ಬಡದು ಆದದ್ದು."

ನಾನು ಒಪ್ಪಿಕೊಂಡೆ. ಎಷ್ಟು ದಿನದಿಂದ ಕಲಿಯುತ್ತಿದ್ದೀರಿ ಎಂದರು. ಎರಡು ತಿಂಗಳು ಎಂದೆ.

"ಎರಡು ತಿಂಗಳಿಗೆ ಒಂದು!" ಅವರು ಮುಖ ಅರಳಿಸಿ ಹೊಸ ಚರ್ಮ ಕೈಗೆತ್ತಿಕೊಂಡರು. "ಬಾರಸೂವ್ರು ಕಡಿಮಿ ಆಗ್ಯಾರಂತ ಅಂಗಡಿ ಮುಚ್ಚಬೇಕು ಅಂದಿದ್ದೆ. ನಿಮ್ಮಂಥವ್ರು ತಾಲೂಕಿಗೆ ಇಬ್ರು ಇದ್ರ ಸಾಕು, ಮುಚ್ಚೂದಿಲ್ಲ ಬಿಡ್ರಿ."

ನಾಲ್ಕು ಸಲ ಹಾಡಿದ ಪದ

ಆಷಾಢದ ಹೊತ್ತಿಗೆ ಎಂಟು ಅಕ್ಷರ ಕೈಗೆ ಬಂದವು. ನಿಜವಾಗಿಯೂ ಬಂದವು. ಒಮ್ಮೆ ಶುರುವಾದರೆ ಅರ್ಧ ತಾಸು ತಪ್ಪದೆ ಹೋಗುತ್ತಿದ್ದೆ. ಆದರೆ ಮುಗಿಸುವುದಕ್ಕೆ ಬೇರೊಂದು ಪೆಟ್ಟಿನ ಕಟ್ಟು ಇದೆ, ಎಲ್ಲಿಂದ ಬಿಟ್ಟು ಎಲ್ಲಿ ಹೊಡೆದು ನಿಲ್ಲಬೇಕೆಂಬುದು. ಅದನ್ನು ಕಾಕಾ ಕಲಿಸಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ಮೊದಲ ನಡ್ಯಾಕ ಕಲಿ. ನಿಂದ್ರೂದು ಆಮ್ಯಾಲ." ಮನೆಯಲ್ಲಿ ಇದರಿಂದ ತೊಂದರೆ ಇರಲಿಲ್ಲ. ಹಾಲಿನವನು ಬಂದಾಗ ನಿಲ್ಲಿಸುತ್ತಿದ್ದೆ.

ಹಿರೇಕೆರೂರಿನಲ್ಲಿ ನನ್ನ ಅಕ್ಕನ ಮನೆ. ಅಲ್ಲಿ ಸೋಮವಾರ ಭಜನೆ ಇಟ್ಟಿದ್ದರು, ಬಂದು ಕೈ ಪಳಗಿಸಿಕೋ ಎಂದಳು. ಹೋದೆ. ಹಾಡುವವರು ಒಂದು ತತ್ವಪದ ಎತ್ತಿಕೊಂಡರು, ನಾನು ಕೂಡಿಕೊಂಡೆ. ಸೊಗಸಾಗಿ ಹೋಯಿತು. ಅವರು ಪದ ಮುಗಿಸಿ ಕೈಮುಗಿದರು. ನಾನು ಮುಗಿಸಲಿಲ್ಲ.

ತಬಲಾ ನಡೆದಿರುವಾಗ ಹಾಡುವವರು ಸುಮ್ಮನಿರುವುದು ಮರ್ಯಾದೆಯಲ್ಲ. ಅವರು ಮೊದಲ ಸಾಲನ್ನು ಮತ್ತೆ ಎತ್ತಿಕೊಂಡು ಪದವನ್ನು ಎರಡನೇ ಸಲ ಹಾಡಿದರು. ಮುಗಿಸಿ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಮೂರನೇ ಸಲ ಹಾಡಿದರು. ನಾಲ್ಕನೆಯದಕ್ಕೆ ಅವರ ಧ್ವನಿ ಕೂತಿತು. ಕೂತವರು ಇದು ಯಾವುದೋ ದೊಡ್ಡ ಪದ್ಧತಿ ಇರಬೇಕೆಂದು ಭಕ್ತಿಯಿಂದ ತಲೆದೂಗುತ್ತಿದ್ದರು.

ಕಡೆಗೆ ನನ್ನ ಅಕ್ಕ ಚಹಾದ ಕಪ್ಪನ್ನು ನನ್ನ ಮೂಗಿನ ಮುಂದೆ ಹಿಡಿದಳು. ಕೈ ತಾನಾಗಿ ಹೋಯಿತು, ತಬಲಾ ನಿಂತಿತು.

ಹಾಡುವವರು ಬೆವರು ಒರೆಸಿಕೊಂಡು ಅಕ್ಕನಿಗೆ ಅಂದರು: "ಯಕ್ಕಾ, ಮುಂದಿನ ಸಲ ಚಹಾ ಮೊದಲ ತಂದಿಡ್ರಿ."

ಸಪ್ತಾಹ

ಹಿರೇಕೆರೂರಿನ ಸುದ್ದಿ ನನಗಿಂತ ಮೊದಲು ಊರಿಗೆ ಹೋಗಿತ್ತು. ಹಿರಿಯರು ಕೂಡಿ ತೀರ್ಮಾನ ಮಾಡಿಬಿಟ್ಟರು: ನಮ್ಮ ಓಣಿಯ ಪಾಳಿಯಲ್ಲಿ ಫೋನೇ ಬಾರಿಸಲಿ, ಮುಗಿಸಲು ಒಂದು ಗುಂಡಿ ಒತ್ತಿದರೆ ಸಾಕು. ನಾನು ಪಕ್ಕದಲ್ಲಿ ಕೂತಿರಬಹುದು, ಎಷ್ಟಾದರೂ ಕಾಕಾನ ಮಾತಿದೆ.

ಏಳನೇ ದಿನ ಮಧ್ಯಾಹ್ನ ನಮ್ಮ ಪಾಳಿ ಬಂದಾಗ ಕಾಕಾ ಗುಡಿಗೆ ಬರಲಿಲ್ಲ. ನಲವತ್ತು ವರ್ಷದಲ್ಲಿ ಅದು ಮೊದಲ ಸಲ. ಗುಡಿಯ ಎದುರಿಗೇ ಅವನ ಮನೆ. ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದು ನನಗೆ ಕಾಣುತ್ತಿತ್ತು. ಅವನಿಗೆ ಮೋಸ ಮಾಡಿದೆನೆಂದು ನನಗೆ ಅನಿಸಿತು. ನಾಲ್ಕು ತಿಂಗಳು ಕಲಿಸಿದ್ದಾನೆ, ನಾನು ಹಿರೇಕೆರೂರಿಗೆ ಹೋಗಿ ಕೆಡಿಸಿಕೊಂಡೆ.

ಫೋನಿಗೆ ವಿಭೂತಿ ಹಚ್ಚಿ, ಮಡಚಿದ ಕಂಬಳಿಯ ಮೇಲೆ ಕೂಡಿಸಿ, ಒಂದು ಹೂವನ್ನೂ ಇಟ್ಟಿದ್ದರು. ವಯರು ಮೈಕ್‌ಸೆಟ್ಟಿಗೆ ಹೋಗಿತ್ತು. ತಬಲಾ ಇಡೀ ಊರಿಗೆ ಕೇಳುತ್ತಿತ್ತು. ತಪ್ಪಲಿಲ್ಲ, ದಣಿಯಲಿಲ್ಲ, ಚಹಾ ಕೇಳಲಿಲ್ಲ. ನಾನು ಡಗ್ಗಾಕ್ಕೆ ಕಣಕ ಹಚ್ಚಿಕೊಂಡು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.

ಮಂಗಳಕ್ಕೆ ಇನ್ನೊಂದು ತಾಸು ಇರುವಾಗ ಫೋನಿಗೆ ಕರೆ ಬಂತು.

ತಬಲಾ ಬಂದಾಯಿತು. ಮೈಕ್‌ಸೆಟ್ಟಿನವನು ಹಾರಿಬಿದ್ದು ಕರೆ ಕತ್ತರಿಸಲು ಹೋದ. ಗಡಿಬಿಡಿಯಲ್ಲಿ ಬೆರಳು ಆ ಕಡೆ ಎಳೆಯುವ ಬದಲು ಈ ಕಡೆ ಎಳೆಯಿತು. ಗುಡಿಯ ನಾಲ್ಕು ಹಾರ್ನಿನಿಂದ ಅವನ ತಾಯಿಯ ಧ್ವನಿ ಊರಿಗೆಲ್ಲ ಕೇಳಿತು.

"ಲೇ, ಎಲ್ಲಿ ಸತ್ತೀದಿ? ಗುಡಿಗೆ ಹೋಗ್ತೇನಂತ ಹೇಳಿ ಯಾವ ಅಂಗಡಿ ಮುಂದ ಕುಂತಿ? ಎಮ್ಮಿ ಹಿಂಡೂ ಹೊತ್ತಾತು!" ಅವಳು ಒಂದು ಕ್ಷಣ ತಡೆದಳು. "ಅಯ್ಯ ನಮ್ಮವ್ವ, ಗುಡ್ಯಾಗ ಯಾರೋ ನನ್ನಂಗ ಒದರಾಕತ್ತಾರಲ್ಲೋ!"

"ಅವ್ವಾ, ಅದು ನೀನ!"

"ನಾ ಮನ್ಯಾಗ ಅದೇನೋ ಹುಚ್ಚಪ್ಪಾ!"

ಹಾಡುವವರು ನಗು ತಡೆದುಕೊಂಡು ಓಂ ನಮಃ ಶಿವಾಯ ಹಿಡಿದುಕೊಂಡೇ ಇದ್ದರು, ಆದರೆ ಧ್ವನಿ ಚದುರುತ್ತಿತ್ತು. ಇನ್ನು ಅರೆಗಳಿಗೆಯಲ್ಲಿ ಕಡಿಯುತ್ತಿತ್ತು. ಹಿರಿಯರು ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿದರು. ನಾನು ತಬಲಾವನ್ನು ಎದುರಿಗೆಳೆದುಕೊಂಡೆ. ಧಾ ಎಂದು ಹೊಡೆದೆ. ಮೊದಲ ಎರಡು ಸುತ್ತು ಹೇಗಿದ್ದವೆಂದು ಕೇಳಬಾರದು. ಮೂರನೆಯದಕ್ಕೆ ಹಾಡು ತಬಲಾದ ಮೇಲೆ ಬಂದು ಕೂತಿತು. ಆಮೇಲೆ ಒಂದು ತಾಸು, ಏಳನೇ ಅಕ್ಷರ ಸಹ ತಪ್ಪಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಸಂತೋಷ ಮಂಗಳದವರೆಗೆ ಇತ್ತು.

ಹಿರಿಯರು ಕೈ ಎತ್ತಿ ಸನ್ನೆ ಮಾಡಿದರು. ಹಾಡುವವರು ಕಡೆಯ ಶಿವಾಯ ಎಳೆದು ನಿಲ್ಲಿಸಿದರು. ಪೂಜೆಯ ಅಯ್ಯನವರು ಕರ್ಪೂರ ಹಚ್ಚಿ ಆರತಿ ಹಿಡಿದು ನಿಂತರು. ನಾನು ಬಾರಿಸುತ್ತಿದ್ದೆ. ಹಾಡುವವರು ಮರ್ಯಾದೆಗೆ ಮತ್ತೆ ಶುರುಮಾಡಿದರು. ಮತ್ತೆ ಮುಗಿಸಿದರು. ಮತ್ತೆ ಶುರುಮಾಡಿದರು. ಕರ್ಪೂರ ಉರಿದು ಹೋಗಿ ಅಯ್ಯನವರು ಎರಡನೆಯದು ಹಚ್ಚಿದರು, ಆಮೇಲೆ ಮೂರನೆಯದು. ಹೆಂಡತಿ ಹೆಂಗಸರ ಸಾಲಿನಿಂದ ಎದ್ದು ಚಹಾದ ಕಪ್ಪು ಹಿಡಿದು ಬಂದಳು. ನಾನು ಬೇಡವೆಂದು ತಲೆಯಾಡಿಸಿದೆ. ಚಹಾಕ್ಕೆ ನಿಲ್ಲಿಸಿದರೆ ಸಪ್ತಾಹ ಮುಗಿದಂತಲ್ಲ, ಕಡಿದಂತೆ. ಕಾಕಾನ ನಲವತ್ತು ವರ್ಷ ನನ್ನ ಕೈಯಲ್ಲಿ ಕಡಿಯುತ್ತದೆಂದು ಹೆದರಿಕೆ ಹತ್ತಿತು. ನಿಲ್ಲಿಸಲು ಬಾರದು, ನಿಲ್ಲಿಸದೆ ಇರಲೂ ಬಾರದು.

ಜನ ದಾರಿ ಬಿಟ್ಟರು. ಕಾಕಾ ಬಂದ. ನನ್ನ ಎದುರಿಗೆ ಕೂತು ಕಣ್ಣು ಮುಚ್ಚಿ ಎರಡು ಸುತ್ತು ಕೇಳಿದ.

"ಎಡಗೈ ಬಿಡಬ್ಯಾಡ," ಎಂದ ಮೆಲ್ಲಗೆ. "ಬಲಗೈ ನಾ ಅಂದಾಗ ತಗಿ."

ನಾಲ್ಕು ಎಣಿಸಿ "ತಗಿ" ಎಂದ. ನಾನು ತೆಗೆದೆ. ಕಾಕಾ ತನ್ನ ಬಲಗೈಯ ಮಡಚದ ಬೆರಳುಗಳನ್ನು ಹಾಗೇ ನೆಟ್ಟಗೆ ಮೇಲಕ್ಕೆತ್ತಿ ತಬಲಾದ ಮೇಲೆ ಮೂರು ಸಲ ಬಾರಿಸಿದ. ಮೂರನೇ ಧಾ ಬಿದ್ದದ್ದೇ ತಡ ನನ್ನ ಎಡಗೈ ತಾನಾಗಿ ನಿಂತಿತು. ಆ ಪೆಟ್ಟಿಗೆ ಬೆರಳು ಮಡಚಬೇಕಾಗೇ ಇರಲಿಲ್ಲ.

ಗಂಟೆ ಬಾರಿಸಿದರು. ಆರತಿ ಎತ್ತಿದರು. ನನಗೆ ಅಳು ಬಂತು, ಅತ್ತೆ. ಪಕ್ಕದಲ್ಲಿದ್ದ ಹಿರಿಯರು ಕಾಕಾನ ಹೆಗಲ ಮೇಲೆ ಕೈ ಹಾಕಿ, "ಹುಡುಗ ಚಲೋ ಬಾರಿಸಿದ ಬಿಡು," ಎಂದರು. ಐವತ್ತೇಳಕ್ಕೆ ನಾನು ಹುಡುಗನಾದೆ.

"ಚಲೋ ಬಾರಿಸಿದ," ಎಂದ ಕಾಕಾ. "ಇಷ್ಟು ವರ್ಷ ನಾ ಬಾರಸೂವಾಗ ಮಂದಿ ಭಜನಿ ಕೇಳತಿದ್ರು. ಇವತ್ತು ಊರೆಲ್ಲಾ ಕುಂತು ತಬಲಾ ಕೇಳ್ತು, ಯಾವಾಗ ನಿಂದ್ರತೈತಿ ಅಂತ."

ಮರುದಿನ ಬೆಳಗಿನ ಆರಕ್ಕೆ ನಾನೇ ಫೋನು ಮಾಡಿದೆ. ಮುಗಿಸುವ ಪೆಟ್ಟು ಇನ್ನಾದರೂ ಕಲಿಸು ಕಾಕಾ, ಎಂದೆ.

"ಬ್ಯಾಡೋ," ಎಂದ. "ಮುಂದಿನ ವರ್ಷ ಮೊದಲನೇ ದಿನ ನೀ ಶುರು ಮಾಡು. ಏಳನೇ ದಿನ ನಾ ಬಂದು ನಿಂದ್ರಸ್ತೇನಿ."